ದಾರಿ ತಪ್ಪಿದವರ ಪಟ್ಟಿ

ಜನವರಿ ೧೨

ಅಮ್ಮಾ,

ಈ ವಿಷಯ ಫೋನಿನಲ್ಲಿ ಎತ್ತಿದರೆ ನೀನು ಅಳುತ್ತೀ, ನಾನು ಕಿರುಚುತ್ತೇನೆ, ಅಪ್ಪ ಟಿವಿ ಜೋರು ಮಾಡುತ್ತಾರೆ. ಅದಕ್ಕೇ ಕಾಗದ. ಕಾಗದವನ್ನು ಮಧ್ಯದಲ್ಲಿ ಕಟ್ ಮಾಡಲಾಗುವುದಿಲ್ಲ ನೋಡು.

ನನ್ನ ಜೊತೆ ಕೆಲಸ ಮಾಡುವ ಹುಡುಗಿ ಕಳೆದ ವಾರ ನಮ್ಮೂರಿಗೆ ಬಂದಿದ್ದಳು. ಅವಳ ದೊಡ್ಡಮ್ಮ ನಿಮ್ಮ ಚರ್ಚಿನ ಸಭೆಯವರಂತೆ. ಭಾನುವಾರ ಆರಾಧನೆಗೂ ಕರೆದುಕೊಂಡು ಹೋಗಿದ್ದಾರೆ. ನಿನ್ನೆ ನಾನು ಕ್ಲಿನಿಕ್ಕಿನಲ್ಲಿ ಒಂದು ಕೃತಕ ಕಾಲಿನ ಅಚ್ಚಿಗೆ ಪ್ಲಾಸ್ಟರ್ ಕಲಸುತ್ತಿದ್ದೆ, ಮೊಣಕೈವರೆಗೂ ಬಿಳಿ. ಅವಳು ಮಡಿಸಿದ ಹಾಳೆಯೊಂದನ್ನು ಬಿಡಿಸಿ ನನ್ನ ಮುಖದ ಮುಂದೆ ಹಿಡಿದಳು. "ಇದು ನಿನ್ನ ಹೆಸರೇ ಅಲ್ವೇನೇ?"

ನನ್ನದೇ. ನೀನು ಟೈಪ್ ಮಾಡುವ ಭಾನುವಾರದ ಹಾಳೆ. ಹಿಂದಿನ ಪುಟದಲ್ಲಿ "ಇವರಿಗಾಗಿ ಪ್ರಾರ್ಥಿಸಿರಿ". ಮೊದಲು ರೋಗಿಗಳು, ಆಮೇಲೆ ಪ್ರಯಾಣದಲ್ಲಿರುವವರು, ಕೊನೆಗೆ ದಾರಿ ತಪ್ಪಿದವರು. ಆ ಕೊನೆಯದರಲ್ಲಿ ನಾನು ಎರಡನೆಯವಳು. ನನ್ನ ಮೇಲೆ ಕುಡಿದು ಕೆಲಸ ಕಳೆದುಕೊಂಡ ಮೇಷ್ಟ್ರು, ಕೆಳಗೆ ಹೆಂಡತಿಯನ್ನು ಬಿಟ್ಟು ಓಡಿಹೋದ ಬಡಗಿ. ಒಳ್ಳೇ ಜೊತೆ ಹುಡುಕಿಕೊಟ್ಟಿದ್ದೀ ಮಗಳಿಗೆ!

ನಾಲ್ಕು ವರ್ಷದಿಂದ ಹೀಗೇ ಇದೆಯಂತೆ. ನೀನು ಒಂದು ಮಾತೂ ಏಳಲಿಲ್ಲ. ಪ್ರತಿ ಭಾನುವಾರ ನೂರಿಪ್ಪತ್ತು ಜನ ಕಣ್ಣು ಮುಚ್ಚಿ ನನ್ನನ್ನು ಕುಡುಕನ ಪಕ್ಕ ನಿಲ್ಲಿಸುತ್ತಾರೆ. ನಾನು ಯಾರ ಮನೆ ಹಾಳು ಮಾಡಿದೆ? ಆರಾಧನೆಗೆ ಬರುವುದನ್ನು ಬಿಟ್ಟೆ, ಅಷ್ಟೇ. ತೆಗೆದುಬಿಡು ಅಮ್ಮ. ಮುಂದಿನ ಭಾನುವಾರದೊಳಗೆ.

ನಿನ್ನ ಮಗಳು
(ದಾರಿ ಸರಿಯಾಗಿಯೇ ಗೊತ್ತಿರುವವಳು)


ಜನವರಿ ೨೪

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದ.

ನಿನ್ನ ಕಾಗದ ತಲುಪಿತು. ಎರಡು ಕಡೆ ಒತ್ತಕ್ಷರ ತಪ್ಪಿದೆ, ಒಂದು ಕಡೆ ಹಕಾರ ಬಿಟ್ಟಿದ್ದೀ. ಸಿಟ್ಟಿನಲ್ಲಿ ಬರೆದರೆ ಹೀಗೇ ಆಗುವುದು. ಕೆಂಪು ಶಾಯಿಯಲ್ಲಿ ತಿದ್ದಿ ಇಟ್ಟಿದ್ದೇನೆ, ಬಂದಾಗ ನೋಡು. ಸಭೆಯ ಕಚೇರಿಯಲ್ಲಿ ಮೂವತ್ತು ವರ್ಷ ಟೈಪ್ ಮಾಡಿದ್ದೇನೆ, ಒಂದೇ ಒಂದು ಅಕ್ಷರ ತಪ್ಪಿತು ಎಂದು ಯಾರೂ ಹೇಳಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿ ನೀನು "ಹೇಳಲಿಲ್ಲ"ವನ್ನು "ಏಳಲಿಲ್ಲ" ಎಂದು ಬರೆಯುತ್ತೀ.

ನಿನ್ನ ಹೆಸರು ಹಾಕಿದ್ದು ನಾನೇ. ಪಾಸ್ಟರ್ ಹೇಳಲಿಲ್ಲ, ಯಾರೂ ಹೇಳಲಿಲ್ಲ. ಮಗಳು ಕೈಬಿಟ್ಟು ಹೋದಾಗ ತಾಯಿ ಏನು ಮಾಡಬೇಕು? ಕೈಯಲ್ಲಿ ಹಾಳೆ ಇತ್ತು, ಹಾಕಿದೆ. ತೆಗೆ ಎಂದು ಸುಲಭವಾಗಿ ಹೇಳಿಬಿಟ್ಟೆ. ಆ ಪಟ್ಟಿಯಿಂದ ಹೆಸರು ಹೋಗುವುದು ಎರಡೇ ರೀತಿ, ಮರಳಿ ಬಂದರೆ ಒಂದು, ಸತ್ತರೆ ಇನ್ನೊಂದು. ಹೆಸರು ಕಾಣದಿದ್ದರೆ ಬಾಗಿಲಲ್ಲೇ ಹಿಡಿದು ಕೇಳುತ್ತಾರೆ, "ಬಂದ್ಬಿಟ್ಟಳಾ? ಎಲ್ಲಿ, ಕಾಣಿಸ್ತಾನೇ ಇಲ್ಲ?" ಅಂತ. ನಾನು ಏನು ಹೇಳಲಿ?

ಯೋಚನೆ ಮಾಡಿ ಒಂದು ದಾರಿ ಕಂಡುಕೊಂಡಿದ್ದೇನೆ. ಈ ವಾರ ನಿನ್ನನ್ನು ರೋಗಿಗಳ ಕೆಳಗೆ ಹಾಕಿದ್ದೇನೆ. ನಿನಗೆ ಚಳಿಗಾಲದಲ್ಲಿ ಕೆಮ್ಮು ಇರುತ್ತದಲ್ಲ, ಅದು ಸುಳ್ಳಲ್ಲ.

ಜುಲೈ ಕೊನೆಯ ಭಾನುವಾರ ನನಗೆ ಬೀಳ್ಕೊಡುಗೆ. ಆಮೇಲೆ ಬೇರೆ ಯಾರೋ ಟೈಪ್ ಮಾಡುತ್ತಾರೆ. ನೀನು ಬಂದು ಮುಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂರಬೇಕು. ಬೇರೇನೂ ಬೇಡ ನನಗೆ.

ಕೆಮ್ಮಿಗೆ ಬಿಸಿನೀರು ಕುಡಿಯುತ್ತಿರು.
ಅಮ್ಮ


ಫೆಬ್ರವರಿ ೧೯

ಅಮ್ಮಾ, ಏನು ಹೇಳಲಿ ನಿನಗೆ!

ನಿನ್ನೆ ಕ್ಲಿನಿಕ್ಕಿನ ವಿಳಾಸಕ್ಕೆ ದೊಡ್ಡ ಕಾರ್ಡೊಂದು ಬಂತು. ಮೇಲೆ ಹೂಗುಚ್ಛ, ಒಳಗೆ "ದೇವರು ನಿನ್ನನ್ನು ಬೇಗ ಗುಣಪಡಿಸಲಿ", ಕೆಳಗೆ ನಲವತ್ಮೂರು ಸಹಿ. ಎಣಿಸಿದೆ. ಲಕೋಟೆ ಒಡೆದದ್ದು ನಮ್ಮ ಮೇಡಂ. ಅವರು ಸಂಡೇ ಸ್ಕೂಲ್ ಟೀಚರಮ್ಮನ ಸಾಲನ್ನು ಜೋರಾಗಿ ಓದಿದರು: "ಎಷ್ಟೇ ದೊಡ್ಡ ಕಾಯಿಲೆ ಇರಲಿ, ಧೈರ್ಯಗೆಡಬೇಡ ಮಗಳೇ." ಓದಿ, ಕನ್ನಡಕ ತೆಗೆದು, ಎದ್ದು, ತಮ್ಮ ಕುರ್ಚಿ ನನಗೆ ಕೊಟ್ಟರು. ಎಷ್ಟು ದಿನದಿಂದ ಮುಚ್ಚಿಟ್ಟಿದ್ದೀ ಎಂದು ಕೇಳಿದರು. ಕೆಮ್ಮು ಎಂದೆ. ನಂಬಲಿಲ್ಲ. ಮಧ್ಯಾಹ್ನದ ಮೇಲೆ ನನಗೆ ಭಾರದ ಕೆಲಸ ಕೊಡಲೇ ಇಲ್ಲ, ಕೃತಕ ಕಾಲಿಗೆ ಕಟ್ಟುವ ಬೆಲ್ಟುಗಳಿಗೆ ಬಕಲ್ ಹೊಲಿಯಲು ಕೂರಿಸಿದರು.

ನಗುತ್ತಿದ್ದೀಯಾ? ನನಗೆ ನಗು ಬರಲಿಲ್ಲ. ಆ ನಲವತ್ಮೂರು ಜನರಲ್ಲಿ ಒಬ್ಬರಾದರೂ ಐದು ವರ್ಷದಲ್ಲಿ ನನಗೊಂದು ಸಾಲು ಬರೆದಿದ್ದರೇ? ಹೇಗಿದ್ದೀ ಎಂದು ಕೇಳಿದ್ದರೇ? ಕಾಯಿಲೆ ಬಿದ್ದರೆ ಹೂವು, ಪ್ರಶ್ನೆ ಕೇಳಿದರೆ ಪಟ್ಟಿ.

ತೆಗೆ ಎಂದದ್ದು, ಸ್ಥಳ ಬದಲಾಯಿಸು ಎಂದಲ್ಲ.

ಬಕಲ್ ಹೊಲಿಯುತ್ತಿರುವ ನಿನ್ನ ಮಗಳು


ಮಾರ್ಚ್ ೩

ಪ್ರೀತಿಯ ಮಗಳೇ,

ನಕ್ಕೆ. ಸುಳ್ಳೇಕೆ ಹೇಳಲಿ? ನಿಮ್ಮಪ್ಪ ಪದಬಂಧ ಬಿಟ್ಟು ತಲೆಯೆತ್ತಿ ನೋಡುವಷ್ಟು ನಕ್ಕೆ. ಆಮೇಲೆ ಕೊನೆಯ ಸಾಲುಗಳನ್ನು ಓದಿದೆ.

ಜನ ಕೆಟ್ಟವರಲ್ಲ ಕಣೇ. ಅವರಿಗೆ ಕೆಮ್ಮಿಗೆ ಏನು ಹೇಳಬೇಕು ಗೊತ್ತು, ನಿನ್ನಂಥವರಿಗೆ ಏನು ಹೇಳಬೇಕು ಗೊತ್ತಿಲ್ಲ. ನನಗೆ ಮಾತ್ರ ಗೊತ್ತೇ?

ಈಗ ನಿನ್ನನ್ನು ಪ್ರಯಾಣದಲ್ಲಿರುವವರ ಕೆಳಗೆ ಹಾಕಿದ್ದೇನೆ. ಇದರಲ್ಲಿ ತಪ್ಪೇನು? ನೀನು ಊರು ಬಿಟ್ಟವಳೇ ತಾನೇ? ಹೋದ ಭಾನುವಾರ ಪಾಸ್ಟರ್ ನಿನಗೆಂದೇ ಒಂದು ಮಾತು ಸೇರಿಸಿದರು, "ಪ್ರಯಾಣದಲ್ಲಿರುವ ನಮ್ಮ ಸಹೋದರಿ ಸುಖವಾಗಿ ಮನೆ ಸೇರಲಿ." ಚೆನ್ನಾಗಿತ್ತು. ಆದರೆ ಹೊರಗೆ ಬಂದ ಮೇಲೆ ಮೂವರು ಕೇಳಿದರು, ಯಾವ ದೇಶಕ್ಕೆ ಹೋಗಿದ್ದಾಳೆ, ವಿಮಾನವೋ ಹಡಗೋ ಎಂದು. ನನಗೂ ಸಾಕಾಗಿದೆ.

ಒಂದು ಕೇಳುತ್ತೇನೆ, ರೇಗಬೇಡ. ಅಲ್ಲಿ ಯಾವುದಾದರೂ ಸಭೆಗೆ ಹೋಗುತ್ತೀಯಾ? ಅದು ಹೋಗಲಿ, ಪ್ರಾರ್ಥನೆಯಾದರೂ ಮಾಡುತ್ತೀಯಾ? ದೇವರಿದ್ದಾನೆ ಎಂದು ನಂಬುತ್ತೀಯಾ ಇಲ್ಲವಾ? ಐದು ವರ್ಷದಿಂದ ಈ ಪ್ರಶ್ನೆ ನನ್ನ ಬಾಯಲ್ಲೇ ಇದೆ. ಕೇಳಿದರೆ "ಇಲ್ಲ" ಎಂದುಬಿಡುತ್ತೀಯೇನೋ ಎಂದು ನುಂಗಿಕೊಳ್ಳುತ್ತಿದ್ದೆ.

ಉತ್ತರ ಬರೆ. ಒತ್ತಕ್ಷರ ತಪ್ಪಿದರೂ ಪರವಾಗಿಲ್ಲ.
ಅಮ್ಮ


ಏಪ್ರಿಲ್ ೧೧

ಅಮ್ಮಾ,

ಉತ್ತರ ಬರೆಯಲು ಒಂದು ತಿಂಗಳು ಬೇಕಾಯಿತು. ನಾಲ್ಕು ಸಲ ಹರಿದು ಹಾಕಿದೆ.

ಇಲ್ಲಿ ಸಭೆಗಳಿಗೆ ಹೋಗಿದ್ದೆ, ನಿನಗೆ ಹೇಳಿರಲಿಲ್ಲ. ಮೊದಲನೆಯದರಲ್ಲಿ ಡ್ರಮ್ಮು, ದೊಡ್ಡ ಪರದೆ, ಬಣ್ಣದ ದೀಪ. ನನ್ನ ವಯಸ್ಸಿನವನೇ ಒಬ್ಬ ಕೆನ್ನೆಗೆ ಮೈಕು ಅಂಟಿಸಿಕೊಂಡು ಬಂದು ಒಂದು ಅರ್ಜಿ ಕೊಟ್ಟ. "ನಿಮ್ಮ ಆತ್ಮಿಕ ಮಟ್ಟ: ಆರಂಭ, ಮಧ್ಯಮ, ಮುಂದುವರಿದ." ಟಿಕ್ ಹಾಕಬೇಕಂತೆ! ಈಜು ಕಲಿಯಲು ಸೇರಿಕೊಂಡ ಹಾಗಾಯಿತು. ಇನ್ನೊಂದು ಹಳೇ ಸಭೆ, ನಮ್ಮದರ ಹಾಗೇ ಬೆಂಚು, ನಮ್ಮದರ ಹಾಗೇ ಹಾಡು. ಇಲ್ಲೇ ಇರಬಹುದು ಅನಿಸಿತು. ಹೊರಗೆ ಬರುವಷ್ಟರಲ್ಲಿ ಇಬ್ಬರು ಹೆಂಗಸರು ನನ್ನ ವಯಸ್ಸು, ಅಪ್ಪನ ಕೆಲಸ, ಮದುವೆ ಎಲ್ಲ ವಿಚಾರಿಸಿ ಮುಗಿಸಿದ್ದರು. ಮತ್ತೆ ಹೋಗಲಿಲ್ಲ.

ಪ್ರಾರ್ಥನೆ ಕೇಳಿದೆಯಲ್ಲ, ಹೇಳುತ್ತೇನೆ. ನಮ್ಮ ಕ್ಲಿನಿಕ್ಕಿನಲ್ಲಿ ಎರಡು ಉದ್ದ ಕಂಬಿಗಳಿವೆ, ಸೊಂಟದ ಎತ್ತರಕ್ಕೆ. ಹೊಸ ಕಾಲು ಹಾಕಿಸಿಕೊಂಡವರು ಅವುಗಳ ನಡುವೆ ನಿಂತು ಮೊದಲ ಹೆಜ್ಜೆ ಇಡಬೇಕು. ಹೋದ ತಿಂಗಳು ಮಾಳಿಗೆಯಿಂದ ಬಿದ್ದು ಕಾಲು ಹೋದ ಗಾರೆ ಕೆಲಸದವನೊಬ್ಬ ಬಂದಿದ್ದ. ಹನ್ನೊಂದು ದಿನ ಅವನ ಕಾಲಿನ ಅಚ್ಚನ್ನು ಅರದಿಂದ ಉಜ್ಜಿದ್ದೇನೆ, ಒಂದು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಚರ್ಮ ಕೀಳುತ್ತದೆ. ಅವನು ಕಂಬಿ ಹಿಡಿದು ನಿಂತ. ನಾವು ಉಜ್ಜುವ ಯಂತ್ರ ನಿಲ್ಲಿಸಿದೆವು. ಆಗ ಮೇಡಂ ಕೂಡ ಕೆಲಸ ಬಿಟ್ಟು ಬಂದು ನಿಲ್ಲುತ್ತಾರೆ. ಆ ಒಂದು ನಿಮಿಷ ನಾನು ಯಾರ ಹತ್ತಿರವೋ ಬೇಡುತ್ತೇನಮ್ಮ. ಹೊಟ್ಟೆಯಾಳದಿಂದ. ಹೆಸರಿಟ್ಟು ಕರೆಯಲು ಆಗುವುದಿಲ್ಲ. ಆದರೆ ಅಲ್ಲಿ ಯಾರೂ ಇಲ್ಲ ಎಂದು ಒಂದು ದಿನವೂ ಅನಿಸಿಲ್ಲ. ಇದನ್ನು ಯಾವ ತಲೆಬರಹದ ಕೆಳಗೆ ಹಾಕುತ್ತೀ, ಹಾಕು.

ಇನ್ನು ನಾನು ಯಾಕೆ ಬಿಟ್ಟೆ ಎಂಬುದು. ನಿನಗೆ ಗೊತ್ತು. ಗೊತ್ತಿದ್ದೂ ಕೇಳುವುದಿಲ್ಲ.

ಸೀಟಿ. ಸಣ್ಣಗೆ ಸಿಳ್ಳೆ ಹಾಕಿ ನಮ್ಮ ಗಾಯನ ತಂಡಕ್ಕೆಲ್ಲ ಸ್ವರ ಹಿಡಿದುಕೊಡುತ್ತಿದ್ದಳೆಂದು ನೀನೇ ಇಟ್ಟ ಅಡ್ಡಹೆಸರು. ನಮ್ಮ ಮನೆಯಲ್ಲೇ ಅರ್ಧ ಬೆಳೆದವಳು. ಮದುವೆಯಾಗದೆ ಬಸುರಿಯಾದಳು ಎಂದು ಇಡೀ ಸಭೆಯ ಮುಂದೆ ನಿಲ್ಲಿಸಿ ಕ್ಷಮಾಪಣೆ ಓದಿಸಿದರಲ್ಲ, ಹತ್ತೊಂಬತ್ತು ವರ್ಷದ ಹುಡುಗಿಯನ್ನು. ಆ ಕಾಗದ ಟೈಪ್ ಮಾಡಿದ್ದು ನೀನು. ಒಂದು ಅಕ್ಷರವೂ ತಪ್ಪಿರಲಿಲ್ಲ. "ನಾನು ದಾರಿ ತಪ್ಪಿದೆ. ನನ್ನನ್ನು ನೋಡಿ ಬೇರೆಯವರು ಪಾಠ ಕಲಿಯಲಿ." ಅಲ್ಲಿಗೆ ಬಂದಾಗ ಅವಳ ದನಿ ಒಡೆಯಿತು. ಪಾಸ್ಟರ್ ಗಂಟಲು ಸರಿಮಾಡಿಕೊಂಡು ಹಾಡಿನ ಸಂಖ್ಯೆ ಹೇಳಿದರು. ಸ್ವರ ಕೊಡುವವರಿರಲಿಲ್ಲ, ಅವಳು ಎದುರಿಗೆ ನಿಂತಿದ್ದಳಲ್ಲ. ಎಲ್ಲರೂ ಬೇಸುರಾಗಿ ಹಾಡಿದೆವು. ನಾನೂ ಹಾಡಿದೆ ಅಮ್ಮ. ನಾಲ್ಕು ಚರಣವೂ. ಎದ್ದು ಅವಳ ಪಕ್ಕ ಹೋಗಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಅವತ್ತಿನಿಂದ ಆ ಬಾಗಿಲು ದಾಟಲು ನನ್ನ ಕಾಲು ಏಳುವುದಿಲ್ಲ. (ಇಲ್ಲಿ "ಏಳುವುದಿಲ್ಲ" ಸರಿಯಾಗಿದೆ.)

ಜುಲೈಗೆ ಬರುತ್ತೇನೆ. ಆದರೆ ಅವತ್ತು ಆದದ್ದು ತಪ್ಪು ಎಂದು ನೀನು ಒಂದು ಸಲ ಹೇಳಬೇಕು. ಸಭೆಗೆ ಹೇಳಲು ಆಗದಿದ್ದರೆ ನನಗಾದರೂ.

ಕಾಯುತ್ತಿರುವ
ನಿನ್ನ ಮಗಳು


ಏಪ್ರಿಲ್ ೨೦

ಮಗಳಿಗೆ,

ಕಾಗದ ತಲುಪಿತು. ಇಲ್ಲಿ ಸೆಕೆ ಜಾಸ್ತಿ. ಕಚೇರಿಯ ಫ್ಯಾನು ಕೆಟ್ಟಿದೆ, ರಿಪೇರಿಯವನು ಇವತ್ತು ನಾಳೆ ಎನ್ನುತ್ತಿದ್ದಾನೆ. ನಿಮ್ಮಪ್ಪನಿಗೆ ಕನ್ನಡಕದ ನಂಬರ್ ಬದಲಾಯಿತು. ಗಾರೆ ಕೆಲಸದವನು ಈಗ ನಡೆಯುತ್ತಿದ್ದಾನೆಯೇ?

ಪಾಸ್ಟರನ್ನು ಒಬ್ಬರನ್ನೇ ದೂರಬೇಡ. ನಿಮ್ಮಪ್ಪ ಆಸ್ಪತ್ರೆಯಲ್ಲಿದ್ದಾಗ ಆರು ದಿನವೂ ಬಂದು ಕೂತಿದ್ದವರು ಅವರು. ಇನ್ನು ಟೈಪ್ ಮಾಡುವವಳು ಕೊಟ್ಟದ್ದನ್ನು ಟೈಪ್ ಮಾಡುತ್ತಾಳೆ. ಅದು ಕೆಲಸ.

ಬೀಳ್ಕೊಡುಗೆಗೆ ನೀಲಿ ಬಟ್ಟೆ ಉಡಲೋ ಬೂದು ಬಣ್ಣದ್ದೋ ತಿಳಿಯುತ್ತಿಲ್ಲ.

ಅಮ್ಮ


ಮೇ ೨

ಅಮ್ಮಾ,

ಫ್ಯಾನು. ಕನ್ನಡಕ. ನೀಲಿ ಬಟ್ಟೆ. ನಾನು ಕರುಳು ಬಿಚ್ಚಿಟ್ಟರೆ ನೀನು ಫ್ಯಾನಿನ ಕಥೆ ಹೇಳುತ್ತೀ! ಈ ಸಲ ನನ್ನ ಕಾಗದದಲ್ಲಿ ತಪ್ಪು ಕೂಡ ಹುಡುಕಲಿಲ್ಲ. ಪೂರ್ತಿ ಓದಿದೆಯೋ ಇಲ್ಲವೋ.

ನೀಲಿಯದೇ ಉಡು. ನಾನು ಬರುವುದಿಲ್ಲ.


ಜುಲೈ ೨೮

ಪ್ರೀತಿಯ ಮಗಳೇ,

ಮೂರು ತಿಂಗಳು ನಿನಗೆ ಬರೆಯಲಿಲ್ಲ. ಬರೆಯಲು ಕೂತರೆ ಕೈ ಫ್ಯಾನಿನ ಕಡೆಗೇ ಹೋಗುತ್ತಿತ್ತು. ಇವತ್ತು ನೇರವಾಗಿ ಹೇಳುತ್ತೇನೆ.

ಏಪ್ರಿಲ್‌ನಲ್ಲಿ ನಾನು ಬರೆದದ್ದು ಸುಳ್ಳು. ಕೊಟ್ಟದ್ದನ್ನು ಟೈಪ್ ಮಾಡಲಿಲ್ಲ ನಾನು. ಪಾಸ್ಟರ್ ಬರೆದುಕೊಟ್ಟ ಚೀಟಿಯಲ್ಲಿ ಒಂದೇ ಸಾಲಿತ್ತು, "ನನ್ನನ್ನು ಕ್ಷಮಿಸಿರಿ" ಎಂದು. ಉಳಿದ ಎರಡು ಸಾಲು ನನ್ನವು. ದಾರಿ ತಪ್ಪಿದೆ, ಪಾಠ ಕಲಿಯಲಿ, ಎರಡೂ ನನ್ನವೇ. ಪಾಸ್ಟರ್ ಓದಿ ನೋಡಿ ಚೆನ್ನಾಗಿದೆ ಎಂದರು. ನನಗೆ ಹೆಮ್ಮೆಯೂ ಆಯಿತು. ಗಾಯನ ತಂಡದಲ್ಲಿ ನೀನು ಅವಳ ಪಕ್ಕದಲ್ಲೇ ನಿಲ್ಲುತ್ತಿದ್ದೆ, ಅವಳದೇ ವಯಸ್ಸು, ಹಗಲೂ ಇರುಳೂ ಅವಳ ಜೊತೆ. ನನಗೆ ಭಯ. ಆ ಪಾಠ ನಿನಗೆಂದು ಬರೆದದ್ದು ಮಗಳೇ. ಓದಿದ್ದು ಮಾತ್ರ ಅವಳು.

ನಿನ್ನೆಯ ಹಾಳೆ ನನ್ನ ಕೊನೆಯದು. ಶನಿವಾರ ಅದರ ಮುಂದೆ ಎರಡು ತಾಸು ಕೂತೆ. ನಿನ್ನ ಹೆಸರನ್ನು ತೆಗೆದೆ. ಎಲ್ಲೂ ಸೇರಿಸಲಿಲ್ಲ. ಮೇಷ್ಟ್ರನ್ನೂ ಬಡಗಿಯನ್ನೂ ತೆಗೆದೆ. ಆಮೇಲೆ ತಲೆಬರಹದಲ್ಲಿ ಒಂದೇ ಒಂದು "ಸಿ" ಸೇರಿಸಿದೆ. "ದಾರಿ ತಪ್ಪಿದವರು" ಇದ್ದದ್ದು "ದಾರಿ ತಪ್ಪಿಸಿದವರು" ಆಯಿತು. ಅದರ ಕೆಳಗೆ ನನ್ನ ಹೆಸರೊಂದೇ.

ಮುಂದಿನ ಬೆಂಚಿನಲ್ಲಿ ಕೂತೆ. ಪಾಸ್ಟರ್ ಪಟ್ಟಿ ಓದಿದರು. ಹನ್ನೆರಡು ವರ್ಷದಿಂದ ಓದಿದ ಸಾಲು, ಕಣ್ಣು ಹಾಳೆಯ ಮೇಲಿದ್ದರೂ ಬಾಯಿ ಹಳೆಯದನ್ನೇ ಹೇಳಿತು. "ದಾರಿ ತಪ್ಪಿದವರು," ಎಂದು ನನ್ನ ಹೆಸರು ಓದಿ ಗಕ್ಕನೆ ನಿಂತರು. ಹಾಳೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ ನಕ್ಕು, "ನೋಡಿ, ಮೂವತ್ತು ವರ್ಷಕ್ಕೆ ಮೊದಲನೇ ಅಚ್ಚಿನ ತಪ್ಪು! ಬೀಳ್ಕೊಡುಗೆಯ ಗಾಬರಿಯಲ್ಲಿ ಅಮ್ಮನವರು ತಮ್ಮ ಹೆಸರನ್ನ ಎಲ್ಲೋ ಹಾಕ್ಬಿಟ್ಟಿದ್ದಾರೆ" ಎಂದರು. ಇಡೀ ಸಭೆ ಹೋ ಎಂದು ನಕ್ಕಿತು. ಯಾರೋ ಚಪ್ಪಾಳೆ ತಟ್ಟಿದರು. ನಿದ್ದೆಯಿಂದ ಎದ್ದ ನಿಮ್ಮಪ್ಪನೂ ತಟ್ಟಿದರು, ಯಾಕೆಂದು ಗೊತ್ತಿಲ್ಲದೆ.

ಆ "ಸಿ" ಯಾರ ಕಣ್ಣಿಗೂ ಬೀಳಲಿಲ್ಲ. ಎದ್ದು ನಿಂತು "ತಪ್ಪಲ್ಲ, ಬೇಕೆಂದೇ ಹಾಕಿದ್ದು" ಎಂದು ಹೇಳಬೇಕಿತ್ತು. ಕೂತೇ ಇದ್ದೆ. ನಕ್ಕೆ ಕೂಡ. ಒಂದು ಗೋಡೆ ಗಡಿಯಾರ ಕೊಟ್ಟರು, ತಂದು ಮಂಚದ ಕೆಳಗೆ ತಳ್ಳಿದ್ದೇನೆ.

ನೀನು ಬರಲಿಲ್ಲ. ಬಾರದಿದ್ದದ್ದೇ ಒಳ್ಳೆಯದಾಯಿತು.

ಅಮ್ಮ


ಆಗಸ್ಟ್ ೬

ಅಮ್ಮಾ,

ನಾನು ಬಂದಿದ್ದೆ.

ಬಾಗಿಲ ಪಕ್ಕದ ಕೊನೇ ಬೆಂಚು, ಛತ್ರಿಗಳನ್ನು ಇಡುತ್ತಾರಲ್ಲ, ಅಲ್ಲಿ. ಬರುವುದಿಲ್ಲ ಎಂದವಳು ಯಾಕೆ ಬಂದೆ ಎಂದು ಕೇಳಬೇಡ, ಬಸ್ಸಿನಲ್ಲಿ ಏಳು ತಾಸು ನನ್ನನ್ನೇ ನಾನು ಬೈದುಕೊಂಡು ಬಂದೆ. ಹಾಳೆ ಕೈಗೆ ಬಂದ ಕೂಡಲೇ ಹಿಂದಿನ ಪುಟ ತಿರುಗಿಸಿದೆ. "ಸಿ" ಕಣ್ಣಿಗೆ ಬಿತ್ತು. ನಿನ್ನ ಹೆಸರೂ ಬಿತ್ತು. ಈಗ ಏಳುತ್ತಾಳೆ, ಈಗ ಹೇಳುತ್ತಾಳೆ ಎಂದು ನಿನ್ನ ನೀಲಿ ಬೆನ್ನನ್ನೇ ನೋಡುತ್ತಾ ಕೂತೆ. ಎಲ್ಲರೂ ನಕ್ಕರು. ನಿನ್ನ ಭುಜವೂ ಕುಲುಕಿತು. ಆಗ ಎಷ್ಟು ಸಿಟ್ಟು ಬಂತೆಂದರೆ, ನಿನ್ನನ್ನು ಹಿಡಿದು ಅಲ್ಲಾಡಿಸಬೇಕು ಅನಿಸಿತು. ಆಮೇಲೆ ಹೊಳೆಯಿತು. ನಾನಾದರೂ ಎದ್ದು ಹೇಳಬಹುದಿತ್ತಲ್ಲ? "ಅದು ತಪ್ಪಲ್ಲ, ಸರಿಯಾಗಿ ಓದಿ" ಎಂದು? ನಾನೂ ಕೂತೇ ಇದ್ದೆ. ಎರಡನೇ ಸಲ. ನಿನ್ನ ಮಗಳು ಅಲ್ಲವೇ ನಾನು?

ಆಶೀರ್ವಚನಕ್ಕೆ ಮೊದಲೇ ಹೊರಗೆ ಬಂದೆ. ಕೈಯಲ್ಲಿ ಹಾಳೆ ಹಾಗೇ ಇತ್ತು. ನೇರವಾಗಿ ಸೀಟಿಯ ಮನೆಗೆ ಹೋದೆ.

ಅವಳು ನಿನ್ನ ಊರಿನಲ್ಲೇ ಇದ್ದಾಳೆ ಅಮ್ಮ, ರೈಲು ಹಳಿಯ ಆಚೆ, ನಿನಗಿಂತ ನಲವತ್ತು ನಿಮಿಷ ದೂರ. ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ, ಈಗ ಕೊರಳಲ್ಲಿ ನಿಜವಾದ ಸೀಟಿಯೇ ಇದೆ. ಮಗಳಿಗೆ ನಾಲ್ಕು ವರ್ಷ ತುಂಬಿದೆ, ಬಾಯಿ ಮುಚ್ಚುವುದಿಲ್ಲ. ನಿನ್ನ ಏಪ್ರಿಲ್ ಸುಳ್ಳು, ಆ ಎರಡು ಸಾಲು ಯಾವುದೂ ನನಗೆ ಆಗ ಗೊತ್ತಿರಲಿಲ್ಲ. ಹಾಳೆ ಕೊಟ್ಟು ಅಲ್ಲಿ ನಡೆದದ್ದನ್ನು ಹೇಳಿದೆ, "ಎಲ್ಲರೂ ಅಚ್ಚಿನ ತಪ್ಪು ಅಂದ್ರು ಕಣೇ" ಎಂದೆ.

ಅವಳು ಎರಡು ಸಲ ಓದಿದಳು. ಆ ಅಕ್ಷರದ ಮೇಲೆ ಬೆರಳಿಟ್ಟಳು.

"ನಿಮ್ಮಮ್ಮನ ಟೈಪಿಂಗ್‌ನಲ್ಲಿ ತಪ್ಪಾ? ಸಾಧ್ಯಾನೇ ಇಲ್ಲ."

ಮಗು ಹಾಳೆ ಕಿತ್ತುಕೊಳ್ಳಲು ಬಂತು, ಕೊಡಲಿಲ್ಲ. ಆಮೇಲೆ, "ಅವ್ರಿಗೆ ಹೇಳು, ಹಾಳೇಲಿ ಬರೆದ್ರೆ ಸಾಲ್ದು. ಅವತ್ತು ನಾನು ಬಾಯಿ ಬಿಟ್ಟು ಓದಿದ್ದೆ. ಅವರೂ ಬಂದು ಬಾಯಿ ಬಿಟ್ಟು ಹೇಳ್ಲಿ" ಎಂದಳು. ಸಿಟ್ಟಿನಿಂದಲೇ ಹೇಳಿದಳು, ನಾನು ಅದಕ್ಕೆ ಸಕ್ಕರೆ ಬೆರೆಸುವುದಿಲ್ಲ.

ನಿನ್ನ ಕಾಗದ ನಿನ್ನೆ ಓದಿದೆ. ಆ ಪಾಠ ನನಗೆಂದು ಬರೆದದ್ದು ಎಂದೆಯಲ್ಲ. ಸಿಟ್ಟು ಇಳಿದಿಲ್ಲ. ಆದರೆ ಗಡಿಯಾರವನ್ನು ಮಂಚದ ಕೆಳಗಿಂದ ತೆಗೆ, ಅಪ್ಪ ಎಡವಿ ಬೀಳುತ್ತಾರೆ.

ಕೊನೇ ಬೆಂಚಿನ
ನಿನ್ನ ಮಗಳು


ಆಗಸ್ಟ್ ೧೩

ಮಗಳೇ,

ಈ ತಿಂಗಳ ಕೊನೆಯ ಭಾನುವಾರ ಹತ್ತು ಗಂಟೆಗೆ ಸೀಟಿಯ ಮನೆಗೆ ಹೋಗುತ್ತೇನೆ. ಹತ್ತು ಗಂಟೆಗೆ ಆರಾಧನೆ ಎಂದು ನಿಮ್ಮಪ್ಪ ನೆನಪಿಸಿದರು. ಗೊತ್ತು ಎಂದೆ. ಈ ಸಲ ಹಾಳೆ ಒಯ್ಯುವುದಿಲ್ಲ, ಏನು ಹೇಳಬೇಕೆಂದು ಬರೆದುಕೊಂಡೂ ಹೋಗುವುದಿಲ್ಲ. ತಡವರಿಸಿದರೆ ತಡವರಿಸಲಿ.

ರೈಲು ಹಳಿಯ ಆಚೆ ನಾನು ಯಾವತ್ತೂ ಹೋದವಳಲ್ಲ. ಅವಳ ಮನೆಗೆ ದಾರಿ ನನಗೆ ಗೊತ್ತಿಲ್ಲ. ಬಸ್ ನಿಲ್ದಾಣದಲ್ಲಿ ನಿಂತಿರುತ್ತೇನೆ, ನೀನು ಬಂದು ಕರೆದುಕೊಂಡು ಹೋಗು.

ಅಮ್ಮ